ಮೊಲದ ಅಂಗಾಲಲ್ಲಿ ಹುಣ್ಣು: ಕಾರಣ ಹುಡುಕುವುದು, ಸರಿಪಡಿಸುವುದು ಹೇಗೆ

ಮನೆಯಲ್ಲಿ ಸಾಕಿದ ಮೊಲದ ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ, ಚರ್ಮ ಕೆಂಪಾಗಿ, ಕೊನೆಗೆ ಹುಣ್ಣಾಗುವುದು ತುಂಬ ಸಾಮಾನ್ಯ. ವೈದ್ಯರು ಇದನ್ನು ಪೋಡೋಡರ್ಮಟೈಟಿಸ್ ಅನ್ನುತ್ತಾರೆ. ಮೊಲ ಸಾಕುವವರ ಬಾಯಲ್ಲಿ ಇದು ಸೋರ್ ಹಾಕ್ಸ್. ಗಾಯ ಕಂಡ ಕೂಡಲೇ ಹೆಚ್ಚಿನವರು ಮುಲಾಮು ಹುಡುಕಲು ಹೊರಡುತ್ತಾರೆ. ಮುಲಾಮು ಹಚ್ಚಿ ಮತ್ತೆ ಅದೇ ಪಂಜರದಲ್ಲಿ ಬಿಟ್ಟರೆ ಮುಂದಿನ ವಾರ ಗಾಯ ಇನ್ನಷ್ಟು ದೊಡ್ಡದಾಗಿರುತ್ತದೆ. ಯಾಕೆಂದರೆ ಮೂಲ ಕಾರಣ ಸಿಗುವುದು ಹೆಚ್ಚಾಗಿ ನೆಲ, ತೇವ, ತೂಕ, ಉಗುರು ಇವುಗಳಲ್ಲಿ. ಅದನ್ನು ಹುಡುಕಿ ಸರಿಮಾಡದೆ ಔಷಧಿ ಕೆಲಸ ಮಾಡುವುದಿಲ್ಲ.

ನಾಯಿ, ಬೆಕ್ಕಿನ ಪಾದದ ಕೆಳಗೆ ಮೆತ್ತನೆಯ ದಪ್ಪ ಗದ್ದುಗೆ ಇರುತ್ತದೆ. ಮೊಲಕ್ಕೆ ಅದು ಇಲ್ಲ. ಅದರ ಪಾದವನ್ನು ಕಾಯುವುದು ಒತ್ತಾದ ಕೂದಲು ಮಾತ್ರ. ಓಡುವಾಗ ಮೊಲ ಬೆರಳುಗಳ ಮೇಲೆ ಭಾರ ಹಾಕುತ್ತದೆ. ಕೂತಾಗ ಹಿಂಗಾಲಿನ ಇಡೀ ಪಾದವನ್ನು ನೆಲಕ್ಕೆ ಊರುತ್ತದೆ. ಮಣ್ಣಿನ ಮೇಲಾದರೆ ಉಗುರು ಮಣ್ಣಿನೊಳಗೆ ಇಳಿಯುತ್ತದೆ, ಭಾರ ಪಾದದ ತುಂಬ ಹರಡುತ್ತದೆ. ಟೈಲ್ಸ್ ಮೇಲೆ ಉಗುರಿಗೆ ಇಳಿಯಲು ಜಾಗವೇ ಇಲ್ಲ. ಬೆರಳು ಮೇಲೆದ್ದು ಭಾರವೆಲ್ಲ ಹಿಮ್ಮಡಿಯ ಕಡೆಗೆ ಸರಿಯುತ್ತದೆ. ಅಲ್ಲಿ ಚರ್ಮ ತೆಳು, ಅದರ ಹಿಂದೆಯೇ ಮೂಳೆ. ಗಂಟೆಗಟ್ಟಲೆ ಹಾಗೆ ಒತ್ತಿದಾಗ ಆ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕೂದಲು ಸವೆಯುತ್ತದೆ, ಚರ್ಮ ಸಾಯುತ್ತದೆ, ಬಿರುಕಿನಲ್ಲಿ ಸ್ಟ್ಯಾಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ.

ಮೊದಲು ಸರಿಯಾಗಿ ನೋಡಿ

ಕಾಲು ನೋಡಲು ಇಬ್ಬರು ಬೇಕು. ಮೊಲವನ್ನು ಕಿವಿ ಹಿಡಿದು ಎತ್ತಲೇಬೇಡಿ. ಒಬ್ಬರು ನೆಲದ ಮೇಲೆ ಕೂತು, ತೊಡೆ ಮೇಲೆ ಟವೆಲ್ ಹಾಸಿ, ಮೊಲದ ಬೆನ್ನು ತಮ್ಮ ಎದೆಗೆ ತಾಗುವಂತೆ ಹಿಡಿಯಲಿ. ಒಂದು ಕೈ ಮುಂಗಾಲಿನ ಹಿಂದೆ ಎದೆಯ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ. ಹಿಂಭಾಗಕ್ಕೆ ಆಸರೆ ಇಲ್ಲದೆ ತೇಲಿಸಿದರೆ ಅದು ಒದೆಯುತ್ತದೆ. ಆ ಒದೆತದ ಬಲಕ್ಕೆ ಮೊಲದ ಬೆನ್ನುಮೂಳೆ ಮುರಿದೀತು, ಇದು ಸುಮ್ನೆ ಹೆದರಿಸುವ ಮಾತಲ್ಲ. ನೆಲದ ಮೇಲೆ ಕೂತೇ ಮಾಡಿ ಅನ್ನುವುದೂ ಇದಕ್ಕೇ, ಜಾರಿದರೂ ಎತ್ತರದಿಂದ ಬೀಳುವುದಿಲ್ಲ.

ಇನ್ನೊಬ್ಬರು ಒಂದೊಂದೇ ಪಾದ ನೋಡಲಿ. ಕೂದಲನ್ನು ಬೆರಳಿಂದ ಪಕ್ಕಕ್ಕೆ ಸರಿಸಿ. ಹಿಮ್ಮಡಿಯ ಹತ್ತಿರ, ಪಾದದ ನಡುವೆ, ಬೆರಳುಗಳ ಸಂದಿಯಲ್ಲಿ ಏನಿದೆ ನೋಡಿ. ನಂತರ ಮೂಸಿ ನೋಡಿ. ಆರೋಗ್ಯದ ಪಾದಕ್ಕೆ ಒಣಹುಲ್ಲಿನ ವಾಸನೆ ಇರುತ್ತದೆ. ಉಚ್ಚೆ ವಾಸನೆ ಬಂದರೆ ಕಾಲು ಒದ್ದೆಯಲ್ಲಿ ನಿಲ್ಲುತ್ತಿದೆ. ಕೊಳೆತ ವಾಸನೆ ಬಂದರೆ ಒಳಗೆ ಕೀವಿದೆ. ಎರಡೂ ಪಾದದ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ. ವಾರ ಬಿಟ್ಟು ನೋಡುವಾಗ ಗಾಯ ಬೆಳೆದಿದೆಯೋ ಕುಗ್ಗಿದೆಯೋ ಅನ್ನುವುದಕ್ಕೆ ನೆನಪಿಗಿಂತ ಈ ಫೋಟೋವನ್ನೇ ನಂಬಬಹುದು.

ಹಿಮ್ಮಡಿಯ ಮೇಲೆ ಬಟಾಣಿ ಕಾಳಿನಷ್ಟು ಬೋಳು ಜಾಗ, ತಿಳಿ ಗುಲಾಬಿ ಬಣ್ಣ, ಒಣಗಿದೆ, ಮುಟ್ಟಿದರೆ ನೋವಿಲ್ಲ, ಸುತ್ತಲಿನ ಕೂದಲು ಅದನ್ನು ಮುಚ್ಚುತ್ತದೆ ಅಂದರೆ ಗಾಬರಿ ಬೇಡ. ಎಷ್ಟೋ ಸಾಕುಮೊಲಗಳಿಗೆ ಇದು ಜೀವನಪೂರ್ತಿ ಇರುತ್ತದೆ. ತಿಂಗಳಿಗೆ ಒಂದೆರಡು ಸಲ ನೋಡುತ್ತಿದ್ದರೆ ಸಾಕು.

ಬೋಳು ಜಾಗ ದೊಡ್ಡದಾಗಿ ಕೆಂಪೇರಿದ್ದರೆ, ಒತ್ತಿ ಬಿಟ್ಟ ಮೇಲೂ ಕೆಂಪಾಗಿಯೇ ಇದ್ದರೆ ಕಾಯಿಲೆ ಶುರುವಾಗಿದೆ. ಚರ್ಮ ದಡ್ಡುಗಟ್ಟಿ ಹೊಟ್ಟು ಏಳುವುದು ಅದರ ಮುಂದಿನ ಹಂತ. ಇಲ್ಲಿಯವರೆಗೆ ಮನೆಯಲ್ಲೇ ನೆಲ ಬದಲಿಸಿ ಹಿಂದಕ್ಕೆ ತರಬಹುದು. ಚರ್ಮ ಒಡೆದು ರಕ್ತ ಅಥವಾ ಹಕ್ಕಳೆ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಪಾದ ಊದಿ ಬಿಸಿಯಾಗಿದ್ದರೆ ಅದೇ ದಿನ ಹೋಗಿ. ಮೊಲದ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಪೇಸ್ಟ್‌ನಷ್ಟು ಗಟ್ಟಿ ಇರುತ್ತದೆ. ಚುಚ್ಚಿ ಹಿಂಡಿದರೆ ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಹೋಗುತ್ತದೆ. ಸೋಂಕು ಮೂಳೆಗೆ ಇಳಿದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ.

ನಡಿಗೆಯನ್ನೂ ಗಮನಿಸಿ. ಮೊಲ ಬೇಟೆಗೆ ಸಿಗುವ ಪ್ರಾಣಿ, ನೋವನ್ನು ತೋರಿಸಿಕೊಳ್ಳುವುದಿಲ್ಲ. ಅದು ಅಳುವುದಿಲ್ಲ, ಕುಂಟುವುದೂ ಕಡಿಮೆ, ಯಾಕೆಂದರೆ ಎರಡೂ ಕಾಲು ಒಟ್ಟಿಗೇ ನೋಯುತ್ತಿರುತ್ತವೆ. ಬದಲಿಗೆ ಒಂದೇ ಮೂಲೆಯಲ್ಲಿ ಜಾಸ್ತಿ ಹೊತ್ತು ಕೂರುತ್ತದೆ. ಕೂತಲ್ಲೇ ಒಂದು ಕಾಲು ಎತ್ತಿ, ಇನ್ನೊಂದು ಎತ್ತಿ ಭಾರ ಬದಲಿಸುತ್ತದೆ. ನೆಗೆಯುವುದು ಬಿಟ್ಟು ಕಾಲೆಳೆದುಕೊಂಡು ಸರಿಯುತ್ತದೆ. ಹಲ್ಲು ಕಡಿಯುವ ಗಟ್ಟಿ ಸದ್ದು ಬರುತ್ತದೆ. ಅದು ಸೋಮಾರಿಯಾಗಿದೆ, ವಯಸ್ಸಾಯಿತು ಅಂದುಕೊಂಡು ಸುಮ್ಮನಾಗಬೇಡಿ, ಕಾಲು ನೋಡಿ.

ಇದೇ ಕಾಯಿಲೆ ಹೌದಾ?

ಬೆರಳುಗಳ ಮೇಲೆ, ಉಗುರಿನ ಬುಡದಲ್ಲಿ, ಜೊತೆಗೆ ಕಿವಿಯ ಅಂಚು ಮತ್ತು ಮೂಗಿನ ತುದಿಯಲ್ಲಿ ಬೂದು ಬಣ್ಣದ ದಪ್ಪ ಹಕ್ಕಳೆ ಇದ್ದರೆ ಅದು ಕಜ್ಜಿ. ಹುಳದಿಂದ ಬರುವ ಈ ಕಜ್ಜಿ ನಮ್ಮಲ್ಲಿ ಅಂಗಡಿಯಿಂದ ತಂದ ಮೊಲಗಳಲ್ಲಿ ತುಂಬ ಕಾಣುತ್ತದೆ. ಮನುಷ್ಯರಿಗೂ ತುರಿಕೆ ಹತ್ತಿಸಬಹುದು. ಇದಕ್ಕೆ ನೆಲ ಬದಲಿಸಿ ಪ್ರಯೋಜನವಿಲ್ಲ, ವೈದ್ಯರು ತೂಕಕ್ಕೆ ತಕ್ಕ ಔಷಧಿ ಕೊಡಬೇಕು. ನಾಯಿಯ ಉಣ್ಣಿ ಹುಳಕ್ಕೆ ಬಳಸುವ ಸ್ಪ್ರೇ ಹೊಡೆಯಬೇಡಿ. ಅದರಲ್ಲಿರುವ ಫಿಪ್ರೊನಿಲ್ ಮೊಲದ ಪ್ರಾಣ ತೆಗೆಯಬಲ್ಲದು.

ಮುಂಗಾಲಿನ ಒಳಬದಿಯ ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದರೆ ಅದು ಮೂಗು ಒರೆಸಿಕೊಂಡ ಗುರುತು. ಸೀನು, ಸಿಂಬಳ ಇದೆಯಾ ನೋಡಿ. ಹಿಂಗಾಲು ಇದ್ದಕ್ಕಿದ್ದಂತೆ ಎಳೆದುಕೊಂಡು ಹೋಗುತ್ತಿದ್ದರೆ ಬೆನ್ನು ಅಥವಾ ಮೂಳೆಗೆ ಪೆಟ್ಟಾಗಿರಬಹುದು, ತಡ ಮಾಡಬೇಡಿ.

ಹುಣ್ಣು ಒಂದೇ ಹಿಂಗಾಲಿನಲ್ಲಿ ಇದ್ದರೆ ಗಮನವನ್ನು ಇನ್ನೊಂದು ಕಾಲಿನ ಮೇಲೆ ಇಡಿ. ಅಲ್ಲಿ ಕೀಲುನೋವೋ, ಮುರಿದ ಉಗುರೋ, ಹಳೆಯ ಪೆಟ್ಟೋ ಇದ್ದು, ಮೊಲ ಭಾರವನ್ನೆಲ್ಲ ಈ ಕಡೆಗೆ ಹಾಕುತ್ತಿರುತ್ತದೆ. ಎರಡೂ ಹಿಂಗಾಲಿನಲ್ಲಿ ಒಂದೇ ಜಾಗದಲ್ಲಿ ಹುಣ್ಣಿದ್ದರೆ ನೇರವಾಗಿ ಮುಂದಿನ ಪರೀಕ್ಷೆಗೆ ಹೋಗಿ.

ನೆಲದ ಪರೀಕ್ಷೆ

ಮೊಲ ದಿನದ ಹೆಚ್ಚು ಹೊತ್ತು ಎಲ್ಲಿ ಕೂರುತ್ತದೆ ಎಂದು ಹುಡುಕಿ. ಪಂಜರದ ತುಂಬ ಮೆತ್ತಗೆ ಹಾಸಿದ್ದರೂ ಅದು ಬೇಸಿಗೆಯಲ್ಲಿ ಬಚ್ಚಲ ಬಾಗಿಲ ಬಳಿ ತಣ್ಣನೆಯ ಗ್ರಾನೈಟ್ ಮೇಲೇ ಕೂರುತ್ತಿರಬಹುದು. ಆ ಜಾಗದಲ್ಲಿ ಬರಿಯ ಮಂಡಿ ಊರಿ ಐದು ನಿಮಿಷ ಕೂತು ನೋಡಿ. ನಿಮ್ಮ ಮಂಡಿ ನೋಯಿತು ಅಂದರೆ ಅದರ ಹಿಮ್ಮಡಿಯೂ ನೋಯುತ್ತಿದೆ. ಹಾಸಿಗೆ ಇದ್ದರೆ ಅಂಗೈಯಿಂದ ಜೋರಾಗಿ ಒತ್ತಿ. ಕೆಳಗಿನ ಗಟ್ಟಿ ನೆಲ ಕೈಗೆ ತಾಗಿದರೆ ಹಾಸು ಸಾಲದು. ನಂತರ ಒಂದು ಟಿಶ್ಯೂ ಪೇಪರ್ ಇಟ್ಟು ಒತ್ತಿ ಹಿಡಿಯಿರಿ. ಸ್ವಲ್ಪ ತೇವ ಹತ್ತಿದರೂ ಆ ಹಾಸು ಬದಲಿಸಬೇಕು.

ಈಗ ಯಾವ ನೆಲ ಏನು ಮಾಡುತ್ತದೆ ನೋಡೋಣ. ನಮ್ಮ ಊರಿನ ಪೆಟ್ ಅಂಗಡಿಗಳಲ್ಲಿ ಮೊಲದ ಜೊತೆ ಮಾರುವ ಪಂಜರಕ್ಕೆ ಸಾಮಾನ್ಯವಾಗಿ ತಳದಲ್ಲೂ ತಂತಿ ಜಾಲರಿ ಇರುತ್ತದೆ. ಹಿಕ್ಕೆ ಕೆಳಗೆ ಬೀಳುತ್ತದೆ, ಸ್ವಚ್ಛ ಅನ್ನುತ್ತಾರೆ. ಸ್ವಚ್ಛ ಇರಬಹುದು, ಆದರೆ ಮೊಲದ ಇಡೀ ತೂಕ ಕೆಲವು ತಂತಿಗಳ ಮೇಲೆ ನಿಲ್ಲುತ್ತದೆ. ಎರಡು ಕಿಲೋ ತೂಕದ ಜೀವವನ್ನು ಹಗಲೂ ರಾತ್ರಿ ಅದರ ಮೇಲೆ ನಿಲ್ಲಿಸುವುದು ನನ್ನ ಪ್ರಕಾರ ಹಿಂಸೆಯೇ. ಜಾಲರಿ ತೆಗೆಯಲು ಬಂದರೆ ಇವತ್ತೇ ತೆಗೆದುಬಿಡಿ. ಬರದಿದ್ದರೆ ಅಳತೆಗೆ ಕೊಯ್ಸಿದ ಹಲಗೆ ಹಾಕಿ, ಅದರ ಮೇಲೆ ದಪ್ಪ ಹಾಸು ಹಾಕಿ. ಬರಿ ಹಲಗೆ ಸಾಲದು, ಅದೂ ಗಟ್ಟಿಯೇ.

ಫ್ಲ್ಯಾಟ್‌ಗಳಲ್ಲಿ ತೊಂದರೆ ಕೊಡುವುದು ಟೈಲ್ಸ್. ಗಟ್ಟಿ ಮಾತ್ರವಲ್ಲ, ಜಾರುತ್ತದೆ ಕೂಡ. ಜಾರುವ ಭಯಕ್ಕೆ ಮೊಲ ಓಡುವುದನ್ನೇ ಬಿಡುತ್ತದೆ. ಓಡದ ಮೊಲ ಕೂತೇ ಇರುತ್ತದೆ, ತೂಕ ಏರುತ್ತದೆ, ಹಿಮ್ಮಡಿಗೆ ಒತ್ತಡ ಹೆಚ್ಚುತ್ತದೆ. ಇನ್ನು ಒರಟಾದ ಸಿಂಥೆಟಿಕ್ ಕಾರ್ಪೆಟ್, ತೆಂಗಿನ ನಾರಿನ ಡೋರ್ ಮ್ಯಾಟ್ ಇವು ಮೆತ್ತಗೆ ಕಂಡರೂ ಕೂದಲನ್ನು ಉಜ್ಜಿ ತೆಗೆಯುತ್ತವೆ. ಗೋಣಿಚೀಲದ ಎಳೆಗೆ ಉಗುರು ಸಿಕ್ಕಿ ಕಿತ್ತು ಬರಬಹುದು. ಬರೀ ನ್ಯೂಸ್‌ಪೇಪರ್ ಹಾಸಿದರೆ ಅದು ಜಾರುತ್ತದೆ, ಒದ್ದೆಯನ್ನು ಮೇಲೇ ಇಟ್ಟುಕೊಳ್ಳುತ್ತದೆ.

ಒಳ್ಳೆಯ ಹಾಸು ಅಂದರೆ ಒತ್ತಿದರೆ ತಗ್ಗಬೇಕು, ಜಾರಬಾರದು, ಒಣಗಿರಬೇಕು, ತೊಳೆಯಲು ಬರಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಪದರ ಹಾಕಿ ಹೊಲಿದ ಕೌದಿ ಇರುತ್ತದಲ್ಲ, ಮೊಲಕ್ಕೆ ಅದಕ್ಕಿಂತ ಚೆಂದದ ಹಾಸು ನಾನು ಕಂಡಿಲ್ಲ. ಹತ್ತಿ ಬಟ್ಟೆ, ಹಲವು ಪದರ, ಕಾಲಿಗೆ ಹಿಡಿತ ಸಿಗುತ್ತದೆ. ಸಡಿಲ ದಾರ ಇದ್ದರೆ ಕತ್ತರಿಸಿ. ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಒಣಹುಲ್ಲು ಹರಡಿ. ಒಣಗಿದ ಗರಿಕೆ, ಭತ್ತದ ಹುಲ್ಲು ಯಾವುದಾದರೂ ಆಗುತ್ತದೆ. ಬೂಷ್ಟು ಹಿಡಿದಿಲ್ಲ, ದೂಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಫೋಮ್ ಮ್ಯಾಟ್ ಹಾಕುವುದಾದರೆ ಕೌದಿಯ ಕೆಳಗೆ, ಒಂದು ಅಂಚೂ ಕಾಣದಂತೆ ಮುಚ್ಚಿ ಹಾಕಬೇಕು. ಕಡಿದು ನುಂಗಿದರೆ ಕರುಳು ಕಟ್ಟುತ್ತದೆ. ಬಟ್ಟೆಯನ್ನೇ ನುಂಗುವ ಮೊಲವಾದರೆ ಬರೀ ಹುಲ್ಲನ್ನೇ ದಪ್ಪಗೆ ಹಾಕಿ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆ, ಹುಣ್ಣಿರುವಾಗ ಬೇಡ.

ಬೇಸಿಗೆಗೆ ತಣ್ಣನೆಯ ಕಲ್ಲು ಹುಡುಕುವ ಮೊಲಕ್ಕೆ ಬೇರೆ ದಾರಿ ಮಾಡಿಕೊಡಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಹಾಸಿನ ಪಕ್ಕ ಇಟ್ಟರೆ ಅದಕ್ಕೆ ಒರಗಿ ಮಲಗುತ್ತದೆ.

ತೇವ

ಮೊಲದ ಉಚ್ಚೆ ಕ್ಷಾರ, ಚರ್ಮವನ್ನು ಸುಡುತ್ತದೆ. ಪಾದದ ಕೂದಲು ಹಳದಿಯಾಗಿದ್ದರೆ ಲಿಟರ್ ಟ್ರೇ, ಅಂದರೆ ಮೊಲ ಉಚ್ಚೆ, ಹಿಕ್ಕೆ ಮಾಡುವ ತಟ್ಟೆ ನೋಡಿ. ಟ್ರೇ ಚಿಕ್ಕದಿದ್ದರೆ ಒದ್ದೆಯ ಮೇಲೇ ನಿಲ್ಲಬೇಕಾಗುತ್ತದೆ. ಒಳಗೆ ಆರಾಮಾಗಿ ತಿರುಗುವಷ್ಟು ದೊಡ್ಡದಿರಲಿ. ಕೆಳಗೆ ಹೀರುವ ಪೇಪರ್, ಮೇಲೆ ದಪ್ಪ ಹುಲ್ಲು ಹಾಕಿ, ದಿನಾ ಬದಲಿಸಿ. ಟ್ರೇ ಸರಿ ಇದ್ದೂ ಹಿಂಭಾಗ ಸದಾ ಒದ್ದೆ ಇದ್ದರೆ ಮೂತ್ರಕೋಶದಲ್ಲಿ ತೊಂದರೆ ಇರಬಹುದು. ಅಥವಾ ಬೆನ್ನುನೋವಿಗೆ ಸರಿಯಾಗಿ ಕೂತು ಉಚ್ಚೆ ಹೊಯ್ಯಲು ಆಗುತ್ತಿಲ್ಲದಿರಬಹುದು.

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಈ ಕಾಟ ಇದ್ದದ್ದೇ. ಕೌದಿ ಒಣಗುವುದಿಲ್ಲ, ಹುಲ್ಲು ಬೂಷ್ಟು ಹಿಡಿಯುತ್ತದೆ. ಎರಡು ಮೂರು ಹಾಸು ಇಟ್ಟುಕೊಂಡು ಬದಲಿಸುತ್ತಿರಬೇಕು. ಗಾಯಕ್ಕೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಆ ಕಾಲದಲ್ಲಿ ದಿನಕ್ಕೆ ಎರಡು ಸಲ ಕಾಲು, ಬಾಲದ ಬುಡ ನೋಡಿ. ಹುಳ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ.

ನೆಲ ಒರೆಸಲು ಫಿನಾಯಿಲ್ ಬಳಸುವ ಮನೆಯಾದರೆ ಮೊಲ ಓಡಾಡುವ ಕಡೆ ಅದನ್ನು ನಿಲ್ಲಿಸಿ. ಒರೆಸಿದ ನೆಲದ ಮೇಲೆ ನಡೆದು ಮೊಲ ಪಾದ ನೆಕ್ಕಿಕೊಳ್ಳುತ್ತದೆ. ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿ ಒರೆಸಿದರೆ ಉಚ್ಚೆಯ ಕಲೆಯೂ ಹೋಗುತ್ತದೆ. ನೆಲ ಪೂರ್ತಿ ಒಣಗಿದ ಮೇಲೆ ಬಿಡಿ.

ತೂಕ, ಉಗುರು, ತಳಿ

ಪಕ್ಕೆಲುಬಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಸ್ವಲ್ಪ ಒತ್ತಿದರೆ ಎಲುಬು ಸಿಗಬೇಕು. ಹುಡುಕಿದರೂ ಸಿಗದಿದ್ದರೆ ತೂಕ ಜಾಸ್ತಿಯಾಗಿದೆ. ಪ್ರೀತಿಗೆ ಕೊಡುವ ಬಿಸ್ಕತ್ತು, ಚಪಾತಿ, ಬಾಳೆಹಣ್ಣು, ಕಡಲೆ ಇವೇ ಕಾರಣ. ಮನೆಯ ಹಿರಿಯರಿಗೆ ಬೇಡ ಅನ್ನುವುದು ಕಷ್ಟ, ಅಲ್ವಾ? ಅವರ ಕೈಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಟ್ಟುಬಿಡಿ. ತಿನ್ನಿಸುವ ಖುಷಿ ಅವರಿಗೂ ಉಳಿಯುತ್ತದೆ. ಬೆಳೆದ ಮೊಲಕ್ಕೆ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೇವು) ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 25 ಗ್ರಾಂ ಸಾಕು. ಉಳಿದ ಹೊಟ್ಟೆ ಹುಲ್ಲಿನಿಂದ ತುಂಬಬೇಕು. ಕುದುರೆ ಮಸಾಲೆ ಸೊಪ್ಪು ಮರಿಗಳಿಗೆ ಸರಿ, ಬೆಳೆದ ಮೇಲೆ ಅದರಲ್ಲಿರುವ ಸುಣ್ಣದಂಶ ಮತ್ತು ಪ್ರೋಟೀನ್ ಹೆಚ್ಚಾಗುತ್ತದೆ. ತೂಕ ಇಳಿಸಬೇಕೆಂದು ಉಪವಾಸ ಹಾಕಬೇಡಿ. ಹುಲ್ಲು ಮಾತ್ರ ಯಾವಾಗಲೂ ಮುಂದೆ ಇರಲೇಬೇಕು.

ಉಗುರು ಉದ್ದವಾದರೆ ಬೆರಳು ಮೇಲೇಳುತ್ತದೆ, ಭಾರ ಹಿಂದಕ್ಕೆ ಹೋಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುದಿ ಕತ್ತರಿಸಿ. ಒಳಗಿನ ರಕ್ತನಾಳ ಬಿಳಿ ಉಗುರಿನಲ್ಲಿ ಗುಲಾಬಿಯಾಗಿ ಕಾಣುತ್ತದೆ. ಕಪ್ಪು ಉಗುರಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಆದರೆ ಪಾದದ ಕೂದಲನ್ನು ಯಾವತ್ತೂ ಕತ್ತರಿಸಬೇಡಿ. ಗಂಟುಗಟ್ಟಿದರೆ ಬೆರಳಿಂದ ನಿಧಾನವಾಗಿ ಬಿಡಿಸಿ.

ರೆಕ್ಸ್ ತಳಿಯ ಕೂದಲು ಗಿಡ್ಡ, ಪಾದಕ್ಕೆ ರಕ್ಷಣೆ ಕಡಿಮೆ. ನ್ಯೂಜಿಲೆಂಡ್ ವೈಟ್, ಫ್ಲೆಮಿಶ್ ಜೈಂಟ್‌ನಂಥವುಗಳಿಗೆ ಮೈಭಾರವೇ ತೊಂದರೆ. ಇವುಗಳನ್ನು ಸಾಕುವವರು ಹುಣ್ಣಾಗುವವರೆಗೆ ಕಾಯದೆ ಮೊದಲ ದಿನದಿಂದಲೇ ದಪ್ಪ ಹಾಸು ಹಾಕಬೇಕು.

ಗಾಯಕ್ಕೆ ಏನು ಮಾಡಬಹುದು, ಏನು ಮಾಡಬಾರದು

ಚರ್ಮ ಒಡೆದಿದ್ದರೆ ವೈದ್ಯರನ್ನು ಕಾಣುವವರೆಗೆ ಸ್ವಚ್ಛ ಮಾಡುವುದಷ್ಟೇ ನಿಮ್ಮ ಕೆಲಸ. ಔಷಧಿ ಅಂಗಡಿಯ ನಾರ್ಮಲ್ ಸಲೈನ್ ಸಾಕು. ಸಿಗದಿದ್ದರೆ ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ. ಗಾಜ್ ಬಟ್ಟೆ ಅದ್ದಿ ಒತ್ತಿ ಒರೆಸಿ, ಉಜ್ಜಬೇಡಿ. ಕಾಲನ್ನು ನೀರಲ್ಲಿ ನೆನೆಹಾಕಬೇಡಿ, ನೆನೆದ ಚರ್ಮ ಬೇಗ ಹರಿಯುತ್ತದೆ. ಒಣ ಗಾಜ್‌ನಿಂದ ಪೂರ್ತಿ ಒಣಗಿಸಿ. ಹಕ್ಕಳೆ ಕೀಳಬೇಡಿ.

ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಅರಿಶಿನದ ಲೇಪವೂ ಬೇಡ. ಅದು ಗಾಯದ ಮೇಲೆ ಗಟ್ಟಿಯಾಗಿ ಕೂತು ಒಳಗಿನದು ಕಾಣದಂತೆ ಮಾಡುತ್ತದೆ, ಕೆಂಪು ಇಳಿಯಿತಾ ಅನ್ನುವುದೂ ತಿಳಿಯುವುದಿಲ್ಲ. ಮನೆಯಲ್ಲಿ ಉಳಿದ ಚರ್ಮದ ಕ್ರೀಮ್ ಹಚ್ಚುವುದು ಇನ್ನೂ ಅಪಾಯ. ನಮ್ಮಲ್ಲಿ ಕೈಗೆ ಸಿಗುವ ಎಷ್ಟೋ ಕ್ರೀಮ್‌ಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೊಲದ ಮೈ ಸ್ಟೀರಾಯ್ಡ್ ತಡೆಯುವುದಿಲ್ಲ, ಸೋಂಕಿನ ಜೊತೆ ಹೋರಾಡುವ ಶಕ್ತಿ ಕುಸಿಯುತ್ತದೆ. ಹಚ್ಚಿದ್ದನ್ನೆಲ್ಲ ಅದು ನೆಕ್ಕುತ್ತದೆ ಅನ್ನುವುದನ್ನೂ ಮರೆಯಬೇಡಿ.

ಇದೊಂದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ. ಅಮಾಕ್ಸಿಸಿಲಿನ್ ಮಾತ್ರೆ, ಸಿರಪ್ ಮೊಲಕ್ಕೆ ಬಾಯಿಂದ ಕೊಡಬಾರದು. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಂದ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ವಿಷ ಬಿಟ್ಟು, ಭೇದಿಯಾಗಿ ಮೊಲ ಸಾಯುತ್ತದೆ. ಕ್ಲಿಂಡಾಮೈಸಿನ್ ಕೂಡ ಹಾಗೆಯೇ. ನೋವಿಗೆ ವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕಾಂ ಬರೆಯುತ್ತಾರೆ. ಅಳತೆ ಅವರೇ ಹೇಳಬೇಕು, ಮನೆಯಲ್ಲಿರುವ ನೋವಿನ ಮಾತ್ರೆ ಒಡೆದು ಕೊಡಬೇಡಿ.

ಬ್ಯಾಂಡೇಜ್ ಕಟ್ಟಿಸಿದ್ದರೆ ದಿನಾ ಬೆರಳು ನೋಡಿ. ಊದಿದ್ದರೆ, ತಣ್ಣಗಿದ್ದರೆ ಬಿಗಿಯಾಗಿದೆ. ಒದ್ದೆಯಾದರೆ ಆಗಲೇ ಬದಲಿಸಬೇಕು. ಒದ್ದೆ ಬ್ಯಾಂಡೇಜ್‌ಗಿಂತ ಒಣ ಹುಲ್ಲಿನ ಮೇಲೆ ಬರಿಗಾಲೇ ಮೇಲು.

ನೆಲ ಬದಲಿಸಿ ಒಂದು ವಾರಕ್ಕೆ ಕೆಂಪು ಇಳಿಯಬೇಕು. ಮೊಲ ಮತ್ತೆ ಓಡಾಡಲು ಶುರುಮಾಡುವುದೇ ಮೊದಲು ಸಿಗುವ ಒಳ್ಳೆಯ ಸುದ್ದಿ. ತೆರೆದ ಹುಣ್ಣು ಮಾಯಲು ವಾರಗಳು, ಆಳದ್ದಾದರೆ ತಿಂಗಳುಗಳು ಬೇಕು. ಕೂದಲು ಕೊನೆಗೆ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ವಾರ ಕಳೆದರೂ ಫೋಟೋದಲ್ಲಿ ಬದಲಾವಣೆ ಕಾಣದಿದ್ದರೆ ಮತ್ತೆ ತೋರಿಸಿ, ಎಕ್ಸ್‌ರೇ ಬೇಕಾ ಎಂದು ಕೇಳಿ.

ಆಸ್ಪತ್ರೆಗೆ ಹೋಗುವಾಗ

ಮೊಲ ನೋಡಿ ಅಭ್ಯಾಸ ಇರುವ ವೈದ್ಯರೇ ಬೇಕು. ಫೋನ್ ಮಾಡಿ ಮೊದಲೇ ಕೇಳಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಬುಟ್ಟಿಯೊಳಗೆ ಜಾರದಂತೆ ಟವೆಲ್ ಹಾಕಿ, ಮೇಲೆ ಹುಲ್ಲು ಹಾಕಿ. ಜೋಡಿ ಮೊಲ ಇದ್ದರೆ ಇನ್ನೊಂದನ್ನೂ ಕರೆದೊಯ್ಯಿರಿ, ಭಯ ಕಡಿಮೆಯಾಗುತ್ತದೆ. ಪಾದದ ಫೋಟೋ ಜೊತೆಗೆ ಪಂಜರದ ಒಳಗಿನ ಫೋಟೋ ಕೂಡ ತೋರಿಸಿ. ಹನ್ನೆರಡು ಗಂಟೆಯಿಂದ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಕಾಲಿಗಿಂತ ಮೊದಲು ಅದನ್ನೇ ಹೇಳಿ. ನೋವಿಗೆ ತಿನ್ನುವುದು ಬಿಟ್ಟು ಕರುಳು ನಿಂತರೆ ಪ್ರಾಣಕ್ಕೆ ಅಪಾಯ.

ಗಾಯ ಸ್ವಚ್ಛ ಮಾಡಲು ಅರಿವಳಿಕೆ ಕೊಡುವುದಿದ್ದರೆ ನಾಯಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಿ ಅನ್ನಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ರಾತ್ರಿಯಿಡೀ ಉಪವಾಸ ಅದಕ್ಕೆ ಬೇಕಿಲ್ಲ. ಇದನ್ನು ಅಲ್ಲೇ ಮಾತಾಡಿ ಖಚಿತ ಮಾಡಿಕೊಳ್ಳಿ. ಎಚ್ಚರವಾದ ಕೂಡಲೇ ಬಾಯಿಗೆ ಸಿಗುವಂತೆ ಅದು ಇಷ್ಟಪಡುವ ಹುಲ್ಲು, ಸೊಪ್ಪನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ.